ಕಾನೂನು ಸಮಾನವಾಯಿತಲ್ಲ, ಇನ್ನೂ ಸ್ತ್ರೀವಾದ ಯಾಕೆ? (ಹಾಸನ–ಚಿಕ್ಕಮಗಳೂರಿನ ಉದಾಹರಣೆ ಬೇಕು)

ಬೇಲೂರು ರಸ್ತೆ:
ಹಾಸನದ ಕಾಲೇಜೊಂದರ ಚರ್ಚಾಕೂಟಕ್ಕೆ ವಿಷಯ ಸಿದ್ಧಪಡಿಸುತ್ತಿದ್ದೇನೆ. ಎದುರು ಪಕ್ಷದ ವಾದ ಗೊತ್ತೇ ಇದೆ: ‘ಓಟಿದೆ, ಓದಿದೆ, ಆಸ್ತಿಯಲ್ಲಿ ಪಾಲಿದೆ, ಬಸ್ಸೂ ಫ್ರೀ. ಇನ್ನೇನು?’ ದೆಹಲಿ, ಅಮೆರಿಕದ ಕಥೆ ಬೇಡ. ನಮ್ಮ ತೋಟ, ತಾಲ್ಲೂಕು ಕಚೇರಿಗಳ ಮಟ್ಟದಲ್ಲಿ ಈ ಕಾನೂನು ಎಲ್ಲಿ ಸೋರಿಹೋಗುತ್ತದೆ ಅಂತ ಬಲ್ಲವರು ಹೇಳಿ.

ಚಕ್ಕುಬಂದಿ:
ಆಸ್ತಿಯಿಂದಲೇ ಶುರು ಮಾಡಿ. ಹಳೇ ಮೈಸೂರಿನಲ್ಲಿ ಹೆಂಗಸರ ಆಸ್ತಿ ಹಕ್ಕಿಗೆ 1933ರಲ್ಲೇ ಪ್ರತ್ಯೇಕ ಕಾಯ್ದೆ ಬಂದಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ 1994ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟಿತು. ಆ ಕೊರತೆ ನೀಗಿಸಿದ್ದು ಕೇಂದ್ರದ 2005ರ ತಿದ್ದುಪಡಿ. ಅದು ಜಾರಿಯಾದ 2005ರ ಸೆಪ್ಟೆಂಬರ್ 9ಕ್ಕೆ ತಂದೆ ಬದುಕಿರಲೇಬೇಕೆಂದೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪಾಲುಪಟ್ಟಿಯೋ ಕೋರ್ಟ್ ಡಿಕ್ರಿಯೋ ಇದ್ದರೆ ಮಾತ್ರ ಅದನ್ನು ಕೆದಕುವಂತಿಲ್ಲ. ‘ಬಾಯಿಮಾತಲ್ಲಿ ಭಾಗ ಆಗಿತ್ತು’ ಎಂದಷ್ಟೇ ಹೇಳಿದರೆ ಸಾಲದು.

ಇನ್ನು ಸೋರುವ ಜಾಗ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗೆ (ಜಮೀನಿನ ದಾಖಲೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದಕ್ಕೆ) ವಂಶವೃಕ್ಷ ಕೊಡಬೇಕು. ಒಂದೋ ಅದರಲ್ಲಿ ಮದುವೆಯಾಗಿ ಹೋದ ಮಗಳ ಹೆಸರೇ ಇರುವುದಿಲ್ಲ, ಇಲ್ಲವೇ ‘ತಕರಾರಿಲ್ಲ’ ಎಂಬ ಹೇಳಿಕೆಗೆ ಅವಳಿಂದ ಸಹಿ ಹಾಕಿಸಿಕೊಳ್ಳುತ್ತಾರೆ. ಕಾನೂನಿನ ಕಣ್ಣಲ್ಲಿ ಖಾತೆ ಎಂದರೆ ಹಕ್ಕಲ್ಲ, ಬಿಳಿ ಹಾಳೆಯ ಹೇಳಿಕೆಯಿಂದ ಪಾಲು ಹೋಗುವುದೂ ಇಲ್ಲ. ಆದರೆ ಪಹಣಿ ಅಣ್ಣನೊಬ್ಬನ ಹೆಸರಿಗೆ ಬಂದರೆ ಬ್ಯಾಂಕಿನವರು ಸಾಲ ಕೊಡುತ್ತಾರೆ, ಕೊಳ್ಳುವವನು ಮುಂಗಡ ಕೊಡುತ್ತಾನೆ. ಆಮೇಲೆ ಕೋರ್ಟಿಗೆ ಓಡಾಡುವವಳು ತಂಗಿ.

ನಿಜಕ್ಕೂ ಪಾಲು ಕಳೆಯುವ ಕಾಗದ ನೋಂದಾಯಿತ ಹಕ್ಕು ಬಿಡುಗಡೆ ಪತ್ರ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುಂಚೆಯೇ ಕರಡು ತರಿಸಿಕೊಂಡು ಷೆಡ್ಯೂಲ್ (ಆಸ್ತಿಯ ವಿವರದ ಪಟ್ಟಿ) ಓದಬೇಕು. ಮನೆ ಜಾಗದ ಪತ್ರ ಎಂದು ಹೇಳಿ, ಕೊನೆಯಲ್ಲಿ ‘ಹಾಗೂ ಕುಟುಂಬದ ಇತರೆ ಸಮಸ್ತ ಸ್ಥಿರಾಸ್ತಿ’ ಎಂಬ ಒಂದು ಸಾಲು ಸೇರಿಸಿದರೆ ಕಾಫಿ ತೋಟವೂ ಅದರೊಳಗೆ ಹೋಯಿತು. ಸರ್ವೆ ನಂಬರು, ಎಕರೆ-ಗುಂಟೆ ಪಹಣಿಯ ಜೊತೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಸರ್ವೆ ನಕ್ಷೆಯ ಜೊತೆ ತಾಳೆಯಾಗಬೇಕು. ‘ಪ್ರತಿಫಲ ಪಡೆದಿದ್ದೇನೆ’ ಎಂದು ಬರೆದಿದ್ದರೆ ಹಣ ಕೈಗೆ ಬಂದಿರಬೇಕು, ಅದೂ ಬ್ಯಾಂಕ್ ಮೂಲಕ. ಮೋಸದಿಂದ ಬರೆಸಿಕೊಂಡರೆ, ಅದು ಗೊತ್ತಾದ 3 ವರ್ಷದೊಳಗೆ ರದ್ದತಿಗೆ ದಾವೆ ಹಾಕಬೇಕು. ತವರಿನ ಬಾಗಿಲು ಮುಚ್ಚೀತು ಎಂಬ ಹೆದರಿಕೆಯಲ್ಲೇ ಆ 3 ವರ್ಷ ಕಳೆದುಹೋಗುತ್ತದೆ.

ಒಂದು ಎಚ್ಚರಿಕೆ: ತಂದೆಯ ಸ್ವಯಾರ್ಜಿತಕ್ಕೆ ಇದು ಅನ್ವಯಿಸದು, ಅದನ್ನು ಅವರು ಯಾರಿಗೆ ಬೇಕಾದರೂ ವಿಲ್ ಮಾಡಬಹುದು. ಮುಸ್ಲಿಂ, ಕ್ರೈಸ್ತ ಕುಟುಂಬಗಳ ಕಾನೂನು ಬೇರೆ. ಚರ್ಚೆಯಲ್ಲಿ ‘ಎಲ್ಲ ಹೆಣ್ಣುಮಕ್ಕಳಿಗೂ ಸಮಪಾಲು’ ಎಂದರೆ ಅಲ್ಲೇ ಸಿಕ್ಕಿಬೀಳುತ್ತೀರಿ.

ಲೈನ್ ಮನೆ:
ಜಮೀನೇ ಇಲ್ಲದವರ ಕಥೆಯೂ ಸೇರಲಿ. ಮೂಡಿಗೆರೆ, ಸಕಲೇಶಪುರ ಕಡೆ ಕಾಫಿ ಹಣ್ಣು ಕೊಯ್ಲಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ಗಂಡ ಹೆಂಡತಿ ಇಬ್ಬರೂ ಕೊಯ್ದದ್ದನ್ನು ಗಂಡನೊಬ್ಬನ ಹೆಸರಲ್ಲಿ ತೂಗಿ ಬರೆದರೆ ಏನಾಗುತ್ತದೆ ನೋಡಿ: ದುಡ್ಡು ಅವನ ಕೈಗೆ ಹೋಗುವುದು ಒಂದು. ದೊಡ್ಡ ನಷ್ಟ ಹಾಜರಿ ಪುಸ್ತಕದಲ್ಲಿ. ಹೆರಿಗೆ ರಜೆಯ ಸಂಬಳ ಸಿಗಬೇಕಾದರೆ ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಮೊದಲೆರಡು ಮಕ್ಕಳಿಗೆ 26 ವಾರ, ಆಮೇಲಿನದಕ್ಕೆ 12 ವಾರ. ಪುಸ್ತಕದಲ್ಲಿ ಹೆಸರೇ ಇಲ್ಲದವಳು ಆ 80 ದಿನಕ್ಕೆ ಪುರಾವೆ ಎಲ್ಲಿಂದ ತರಬೇಕು? ಹೆಸರು ಬೇರೆ, ತೂಕದ ಚೀಟಿ ಬೇರೆ, ಪಾವತಿ ಅವಳದೇ ಖಾತೆಗೆ. ಇಷ್ಟು ಮಾಡಲು ಹೊಸ ಕಾನೂನೇನೂ ಬೇಡ.

ಕೆಲಸದ ಜಾಗದ ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆ ಇದೆ. 10 ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು, ದಿನಗೂಲಿಯವರೂ ಆ ಲೆಕ್ಕಕ್ಕೆ ಸೇರುತ್ತಾರೆ. ಅಧ್ಯಕ್ಷೆ ಮಹಿಳೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನವರೊಬ್ಬರು. ಅದಕ್ಕಿಂತ ಸಣ್ಣ ತೋಟವಾದರೆ, ಅಥವಾ ದೂರು ಮಾಲೀಕನ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಗಡುವು 3 ತಿಂಗಳು, ಸರಿಯಾದ ಕಾರಣವಿದ್ದರೆ ಇನ್ನೂ 3.

ಮೆಣಸಿನ ಏಣಿ:
ಎಲ್ಲ ಒಪ್ಪಿದೆ, ಆದರೆ ಒಂದು ಮಾತು. ಮರಗಸಿ ಮಾಡುವವನು (ನೆರಳಿನ ಮರದ ಕೊಂಬೆ ಕಡಿಯುವವನು), ಏಣಿ ಹತ್ತಿ ಮೆಣಸು ಕೊಯ್ಯುವವನು ಗಂಡಸು, ಬಿದ್ದು ಸೊಂಟ ಮುರಿದುಕೊಳ್ಳುವವನೂ ಅವನೇ. ಕೂಲಿ ಹೆಚ್ಚಿದ್ದರೆ ತಪ್ಪೇನು? ತೋಟದ ಸಾಲ ತೀರಿಸಿ ಅಪ್ಪ ಅಮ್ಮನನ್ನು ನೋಡಿಕೊಂಡ ಮಗನಿಗೂ ದೂರ ಇದ್ದ ಮಗಳಿಗೂ ಒಂದೇ ಪಾಲು ಅನ್ನೋದು ನ್ಯಾಯವಾ?

ಲೈನ್ ಮನೆ:
ಏಣಿ ಕೆಲಸಕ್ಕೆ ಹೆಚ್ಚು ಕೂಲಿ ಕೊಡಲಿ, ಯಾರೂ ಬೇಡ ಅನ್ನುವುದಿಲ್ಲ. ಹಿಂದಿದ್ದ 1976ರ ಸಮಾನ ವೇತನ ಕಾಯ್ದೆಯಾಗಲಿ ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಾಗಲಿ ಕೇಳುವುದು ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ. ಕಳೆ ತೆಗೆಯುವಾಗ, ಗೊಬ್ಬರ ಹಾಕುವಾಗ ಏಣಿ ಎಲ್ಲಿರುತ್ತದೆ? ಅಲ್ಲೂ ‘ಗಂಡಾಳು, ಹೆಣ್ಣಾಳು’ ಎಂದು ಎರಡು ದರ ಇಟ್ಟರೆ ಅದು ತಪ್ಪು.

ಚಕ್ಕುಬಂದಿ:
ಸಾಲದ ಮಾತು ನ್ಯಾಯವಾದದ್ದೇ. ಪಾಲು ಕೇಳುವವಳು ಆಸ್ತಿಯ ಮೇಲಿನ ಹೊಣೆಯನ್ನೂ ಹೊರಬೇಕು, ಕಾನೂನೂ ಅದನ್ನೇ ಹೇಳುತ್ತದೆ. ಅಣ್ಣ ತೀರಿಸಿದ ಸಾಲಕ್ಕೆ ಬ್ಯಾಂಕ್ ದಾಖಲೆ ಇಟ್ಟುಕೊಂಡು ವಿಭಾಗದ ವೇಳೆ ಲೆಕ್ಕ ಕೇಳಲಿ. 2007ರ ಕಾಯ್ದೆಯಂತೆ ತಂದೆ ತಾಯಿಯ ಪೋಷಣೆಯ ಹೊಣೆ ಮಗಳಿಗೂ ಇದೆ. ಆದರೆ ಊರಿನಲ್ಲಿ ಲೆಕ್ಕ ಎರಡು ಥರ: ಸೊಸೆ ವರ್ಷಗಟ್ಟಲೆ ಅತ್ತೆ ಮಾವನ ಹಾಸಿಗೆ ಬದಲಿಸಿದರೂ ಅದು ಮಗ ‘ನೋಡಿಕೊಂಡ’ ಲೆಕ್ಕಕ್ಕೇ ಜಮಾ. ಚರ್ಚೆಯಲ್ಲಿ ಈ ಪ್ರಶ್ನೆ ಎತ್ತಿ, ಎದುರಿನವರು ಏನು ಹೇಳುತ್ತಾರೋ ನೋಡೋಣ.

ಬೇಲೂರು ರಸ್ತೆ:
ಸಾಕಷ್ಟು ಸಿಕ್ಕಿತು, ಥ್ಯಾಂಕ್ಸ್. ಇನ್ನೊಂದು: ವಕೀಲರಿಗೆ ಕೊಡಲು ಹಣವಿಲ್ಲದವರು ಎಲ್ಲಿಗೆ ಹೋಗಬೇಕು?

ಚಕ್ಕುಬಂದಿ:
ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. 1987ರ ಕಾಯ್ದೆಯಂತೆ ಮಹಿಳೆಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಆಧಾರ್, ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ, ಇ.ಸಿ. (ಋಣಭಾರ ಪ್ರಮಾಣಪತ್ರ), ತಂದೆಯ ಮರಣ ಪತ್ರ ತೆಗೆದುಕೊಂಡು ಹೋದರೆ ಒಂದು ಓಡಾಟ ಉಳಿಯುತ್ತದೆ.