ಬಕ್‌ಸ್ಕಿನ್ ಗಲ್ಚ್ ಒಳಗೆ ನಾಲ್ಕು ದಿನ: ಕಣಿವೆ ಗೈಡ್ ಹತ್ರ ಕೇಳಿದ್ದು

ಪ್ರಶ್ನೆ: ಸರ್ ನಮಸ್ಕಾರ. ನಾವು ನಾಲ್ಕು ಜನ ಸೆಪ್ಟೆಂಬರ್ ಮೊದಲನೇ ವಾರ ಅಮೆರಿಕದ ಯೂಟಾದ ವೈರ್ ಪಾಸ್ ಹತ್ರ ಬಕ್‌ಸ್ಕಿನ್ ಗಲ್ಚ್ ಒಳಗೆ ಇಳಿದು, ಆಮೇಲೆ ಪರಿಯಾ ನದಿ ಹಿಡ್ಕೊಂಡು ಅರಿಜೋನಾದ ಲೀಸ್ ಫೆರಿ ತನಕ ನಡೀಬೇಕು ಅಂತಿದೀವಿ. ಬೆಟ್ಟದ ಟ್ರೆಕ್ ಎಲ್ಲರಿಗೂ ಚೆನ್ನಾಗಿ ಅಭ್ಯಾಸ ಇದೆ, ಆದ್ರೆ ಈ ಥರ ಕಿರಿದಾದ ಕಣಿವೆಗೆ ಯಾರೂ ಹೋಗಿಲ್ಲ. ಪರ್ಮಿಟ್ ಇನ್ನೂ ತಗೊಂಡಿಲ್ಲ. ಪ್ಲಾನ್ ಎಲ್ಲಿಂದ ಶುರು ಮಾಡ್ಬೇಕು?

ಉತ್ತರ: ಪರ್ಮಿಟ್ ತಗೊಳ್ದೇ ಇರೋದು ಒಳ್ಳೇದೇ ಆಯ್ತು, ಮೊದಲು ಡೇಟ್ ಬದಲಾಯಿಸಿ. ಜುಲೈಯಿಂದ ಸೆಪ್ಟೆಂಬರ್ ತನಕ ಅಲ್ಲಿ ಮಾನ್ಸೂನ್, ಮಧ್ಯಾಹ್ನ ಆಗ್ತಿದ್ದ ಹಾಗೆ ಗುಡುಗು ಮಳೆ ಎಲ್ಲಿ ಬೇಕಾದ್ರೂ ಬೀಳುತ್ತೆ. ಬೆಟ್ಟದಲ್ಲಿ ಮೋಡ ಬರೋದು ನಿಮ್ಮ ಕಣ್ಣಿಗೇ ಕಾಣುತ್ತೆ, ಇಲ್ಲಿ ಆಕಾಶ ಅನ್ನೋದು ತಲೆ ಮೇಲೆ ಒಂದು ದಾರದಷ್ಟು, ಕೆಲವು ಕಡೆ ಎರಡೂ ಕೈ ಚಾಚಿದ್ರೆ ಎರಡೂ ಗೋಡೆ ಮುಟ್ಟುತ್ತೆ. ನಿಮ್ಮ ಮೇಲೆ ಒಂದು ಹನಿ ಬೀಳದೇ ಇದ್ರೂ ದೂರದಲ್ಲಿ ಎಲ್ಲೋ ಬಿದ್ದ ಮಳೆ ಬರಿ ಬಂಡೆ ಮೇಲಿಂದ ಜಾರ್ಕೊಂಡು ನೇರ ಕಣಿವೆಗೇ ಬರುತ್ತೆ, ಮಣ್ಣಿಲ್ಲ ಮರ ಇಲ್ಲ, ಹೀರ್ಕೊಳ್ಳೋಕೆ ಏನಿದೆ ಅಲ್ಲಿ. 1997ರ ಆಗಸ್ಟ್ 12ಕ್ಕೆ ಆಂಟಿಲೋಪ್ ಕಣಿವೆಯಲ್ಲಿ ಹನ್ನೊಂದು ಜನ ಸತ್ತಿದ್ದು ಹೀಗೇ, ಮಳೆ ಬಿದ್ದಿದ್ದು ಮೈಲಿಗಟ್ಟಲೆ ಮೇಲ್ಗಡೆ.

ಬಕ್‌ಸ್ಕಿನ್ ಒಳಗೆ ನಡೀತಾ ಒಂದ್ಸಲ ತಲೆ ಎತ್ತಿ ನೋಡಿ, ಎರಡೂ ಗೋಡೆ ಮಧ್ಯೆ ದಪ್ಪ ದಪ್ಪ ಮರದ ದಿಮ್ಮಿ ಅಡ್ಡಡ್ಡ ಸಿಕ್ಕಾಕೊಂಡು ನಿಂತಿರುತ್ತೆ, ನಿಮ್ಮ ತಲೆಗಿಂತ ಎಷ್ಟೋ ಮೇಲೆ. ಅವನ್ನ ಅಲ್ಲಿಗೆ ತಂದಿಟ್ಟಿದ್ದು ನೀರು. ನನ್ನ ಜೊತೆ ಬರೋರಿಗೆ ನಾನು ಮೊದಲು ತೋರಿಸೋದು ಅದನ್ನೇ.

ಏಪ್ರಿಲ್ ಕೊನೆಯಿಂದ ಜೂನ್, ಇಲ್ಲಾ ಅಂದ್ರೆ ಅಕ್ಟೋಬರ್ ನೋಡಿ. ಹಾಗಂತ ಬೇರೆ ತಿಂಗಳು ಸೇಫ್ ಅಂದ್ಕೊಂಡು ಕೂರ್ಬೇಡಿ, 2023ರ ಮಾರ್ಚ್‌ನಲ್ಲಿ ಇದೇ ಬಕ್‌ಸ್ಕಿನ್‌ನಲ್ಲಿ ಪ್ರವಾಹಕ್ಕೆ ಸಿಕ್ಕಿ ಇಬ್ಬರು ಹೋದ್ರು.

ಪ್ರಶ್ನೆ: ಹೊರಡೋ ದಿನ ಹೋಗ್ಬೇಕಾ ಬೇಡ್ವಾ ಅಂತ ಹೇಗೆ ಡಿಸೈಡ್ ಮಾಡೋದು ಸರ್? ರಜೆ ಹಾಕಿ, ಫ್ಲೈಟ್ ಬುಕ್ ಮಾಡಿ ಅಷ್ಟು ದೂರ ಬಂದ್ಮೇಲೆ ವಾಪಸ್ ಹೋಗೋದು ತುಂಬಾ ಕಷ್ಟ.

ಉತ್ತರ: ಕಷ್ಟ ಅಂತ ಗೊತ್ತು ಕಣಪ್ಪ, ಅದಕ್ಕೇ ಆ ತೀರ್ಮಾನನ ಮನೇಲೇ ಮಾಡ್ಕೊಂಡು ಬನ್ನಿ ಅನ್ನೋದು. ನಾಲ್ಕೂ ಜನ ಕೂತು "ಒಬ್ಬ ಬೇಡ ಅಂದ್ರೂ ಇಳಿಯಲ್ಲ" ಅಂತ ಮಾತಾಡ್ಕೊಳಿ, ಕಣಿವೆ ಬಾಯಲ್ಲಿ ನಿಂತು ವೋಟ್ ಹಾಕೋದು ಬೇಡ. ಹಿಂದಿನ ದಿನ ಬಿಎಲ್‌ಎಂ (ಈ ಜಾಗ ನೋಡ್ಕೊಳ್ಳೋ ಸರ್ಕಾರಿ ಇಲಾಖೆ) ರೇಂಜರ್‌ಗಳ ಹತ್ರ ಕೇಳಿ, ಹೈವೇ 89ರಲ್ಲಿ ಪರಿಯಾ ಸ್ಟೇಷನ್ ಇದೆ, ಕನಾಬ್ ಊರಲ್ಲೂ ಆಫೀಸ್ ಇದೆ. ಟ್ರೇಲ್‌ಹೆಡ್‌ನ, ಅಂದ್ರೆ ನಡಿಗೆ ಶುರುವಾಗೋ ಜಾಗದ, ಹವಾಮಾನ ಒಂದೇ ನೋಡಿದ್ರೆ ಸಾಲಲ್ಲ, ಪರಿಯಾಗೆ ನೀರು ಬರೋದು ಉತ್ತರಕ್ಕೆ ಬ್ರೈಸ್ ಕಣಿವೆ ಕಡೆಯಿಂದ, ಆ ಇಡೀ ಪ್ರದೇಶದ ಫೋರ್‌ಕಾಸ್ಟ್ ಬೇಕು. ಬಕ್‌ಸ್ಕಿನ್ ಭಾಗ ಮುಗಿಯೋ ತನಕ ಎಲ್ಲೂ ಮಳೆ ಸೂಚನೆ ಇರ್ಬಾರ್ದು. ಯಾಕಂದ್ರೆ ಅದರೊಳಗೆ ಹತ್ತಿ ಹೊರಗೆ ಬರೋಕೆ ಇರೋದು ಒಂದೇ ಜಾಗ, ಮಿಡ್ಲ್ ರೂಟ್ ಅಂತಾರೆ, ಅದೂ ಬಂಡೆ ಹಿಡಿದು ಹತ್ತೋದು, ಭಾರದ ಬ್ಯಾಗ್ ಇಟ್ಕೊಂಡು ಸುಲಭ ಅಲ್ಲ.

ಪರ್ಮಿಟ್ ವಿಷಯ: ರಾತ್ರಿ ಉಳಿಯೋಕೆ ದಿನಕ್ಕೆ ಇಪ್ಪತ್ತು ಜನಕ್ಕೆ ಮಾತ್ರ ಒಳಗೆ ಬಿಡ್ತಾರೆ, ಒಂದು ಗುಂಪಲ್ಲಿ ಹತ್ತು ಜನ ಮೀರಂಗಿಲ್ಲ, ಆನ್‌ಲೈನಲ್ಲೇ ಬುಕ್ ಮಾಡ್ಬೇಕು.

ಪ್ರಶ್ನೆ (ಇನ್ನೊಬ್ಬರು): ನದಿ ಪಕ್ಕದಲ್ಲೇ ನಡೆಯೋದು ಅಂದ್ಮೇಲೆ ನೀರಿನ ಚಿಂತೆ ಇಲ್ಲ ಅಲ್ವಾ? ಫಿಲ್ಟರ್ ಇದೆ ನನ್ನ ಹತ್ರ.

ಉತ್ತರ: ಚಿಂತೆ ಇದೆ ಮೇಡಂ, ತುಂಬಾ ಇದೆ. ಬಕ್‌ಸ್ಕಿನ್‌ನಲ್ಲಿ ಸಿಗೋದು ಬಿಸಿಲೇ ಕಾಣದ ಹೊಂಡದ ನೀರು, ಕೊಳೆತ ನಾರುತ್ತೆ, ಅದನ್ನ ಕುಡಿಯೋ ಲೆಕ್ಕಕ್ಕೆ ಇಟ್ಕೋಬೇಡಿ. ಪರಿಯಾ ನೀರು ಕೆಸರು, ಬಾಟಲಿಗೆ ತುಂಬಿ ಬಿಸಿಲಿಗೆ ಹಿಡಿದ್ರೆ ಹಾಲು ಹಾಕಿದ ಕಾಫಿ ಥರ, ಫಿಲ್ಟರ್‌ಗೆ ನೇರ ಹಾಕಿದ್ರೆ ಸ್ವಲ್ಪ ಹೊತ್ತಲ್ಲೇ ಕಟ್ಕೊಳುತ್ತೆ. ಮಡಿಸೋ ಬಕೆಟ್ ಒಂದು ತಗೊಳಿ, ಸಂಜೆ ತುಂಬಿಟ್ಟು, ಚಿಟಿಕೆ ಪಟಿಕ ಹಾಕಿ ಕಲಕಿ ಬಿಡಿ, ಬೆಳಿಗ್ಗೆ ಹೂಳು ಕೆಳಗೆ ಕೂತಿರುತ್ತೆ, ಮೇಲಿನ ತಿಳಿ ಮಾತ್ರ ಫಿಲ್ಟರ್ ಮಾಡಿ. ಒಳ್ಳೇ ನೀರು ಬೇಕು ಅಂದ್ರೆ ಬಂಡೆಯಿಂದ ಜಿನುಗೋ ಚಿಲುಮೆಗಳು, ಪರಿಯಾ ನದಿ ಮೇಲ್ಗಡೆ ಇರೋ ವೈಟ್ ಹೌಸ್ ಟ್ರೇಲ್‌ಹೆಡ್‌ನಿಂದ ಲೆಕ್ಕ ಹಾಕಿದ್ರೆ ಸುಮಾರು 12ನೇ ಮೈಲಿಗೆ ಬಿಗ್ ಸ್ಪ್ರಿಂಗ್, 22ರ ಹತ್ರ ಶವರ್ ಸ್ಪ್ರಿಂಗ್, 25ರ ಆಸುಪಾಸು ಕೊನೇದು. ಅದರ ಹೆಸರೇ ಲಾಸ್ಟ್ ರಿಲಯಬಲ್, ಅಲ್ಲಿಂದ ಲೀಸ್ ಫೆರಿಗೆ ಇನ್ನೂ ಹದಿಮೂರು ಮೈಲಿ, ಕಣಿವೆ ಅಗಲ ಆಗಿ ಬಿಸಿಲು ನೆತ್ತಿ ಮೇಲೆ ಇರುತ್ತೆ, ಅಲ್ಲಿ ಎಲ್ಲಾ ಬಾಟಲಿನೂ ತುಂಬ್ಕೊಳಿ. ಮೊದಲನೇ ದಿನಕ್ಕಂತೂ ಪೂರ್ತಿ ನೀರು ಹೊತ್ಕೊಂಡೇ ಇಳೀಬೇಕು.

ಪ್ರಶ್ನೆ: ಮರುಭೂಮಿ ಅಲ್ವಾ, ಬೆಚ್ಚಗಿನ ಬಟ್ಟೆ ಬಿಟ್ಟು ಬರ್ಬಹುದಾ? ಸ್ಯಾಟಲೈಟ್ ಡಿವೈಸ್ ಬೇಕಾ?

ಉತ್ತರ: ಬಿಟ್ಟು ಬರ್ಬೇಡಿ. ಹೊಂಡದಲ್ಲಿ ಸೊಂಟದ ತನಕ, ಕೆಲವು ಸಲ ಎದೆ ತನಕ ನೀರು, ಮೈ ಕೊರೆಯೋ ಅಷ್ಟು ಕೋಲ್ಡ್, ಒದ್ದೆ ಆದ್ಮೇಲೆ ಒಣಗಿಸೋಕೆ ಬಿಸಿಲಿಲ್ಲ, ಬೆಂಕಿ ಹಾಕಂಗೂ ಇಲ್ಲ. ಒದ್ದೆ ಆದ್ರೂ ಕಾಲು ಬೆಚ್ಚಗಿಡೋ ನಿಯೋಪ್ರೀನ್ ಸಾಕ್ಸ್, ಸ್ಲೀಪಿಂಗ್ ಬ್ಯಾಗ್‌ಗೆ ನೀರು ಒಳಗೆ ಹೋಗದ ಒಳ್ಳೇ ಡ್ರೈ ಬ್ಯಾಗ್, ಮತ್ತೆ ಕೋಲು. ಕೋಲು ಇಲ್ದೇ ಹೋಗ್ಲೇಬೇಡಿ, ನೀರು ಕಾಫಿ ಬಣ್ಣ ಇದ್ದಾಗ ಆಳ ಎಷ್ಟು, ಮರಳು ಕಾಲು ಎಳ್ಕೊಳುತ್ತಾ ಅಂತ ಗೊತ್ತಾಗೋದು ಅದರಿಂದಾನೇ. ಡಿವೈಸ್ ತಗೊಳಿ, ಆದ್ರೆ ಆ ಸಂದಿ ಒಳಗಿಂದ ಮೆಸೇಜ್ ಹೋಗದೇನೂ ಇರ್ಬಹುದು, ಅದಕ್ಕೇ ಯಾವ ದಿನ ಎಷ್ಟೊತ್ತಿಗೆ ಹೊರಗೆ ಬರ್ತೀರಿ ಅಂತ ಒಬ್ಬರಿಗೆ ಬರೆದು ಕೊಟ್ಟಿರಿ. ಮಲಕ್ಕೂ ಚೀಲ ಇದೆ, ಎಲ್ಲಾ ಹೊತ್ಕೊಂಡೇ ಹೊರಗೆ ತರ್ಬೇಕು, ಅದು ರೂಲು.

ಹಾಂ, ಗಾಡಿ ವಿಷಯ ಮರೆತಿದ್ದೆ. ಬೇಸಿಗೇಲಿ ಯೂಟಾಗಿಂತ ಅರಿಜೋನಾ ಟೈಮ್ ಒಂದು ಗಂಟೆ ಹಿಂದೆ ಇರುತ್ತೆ, ಲೀಸ್ ಫೆರಿಯಲ್ಲಿ ಶಟಲ್ (ಕರ್ಕೊಂಡು ಹೋಗೋ ಬಾಡಿಗೆ ಗಾಡಿ) ಹೇಳಿದ್ರೆ ಯಾವ ರಾಜ್ಯದ ಟೈಮ್ ಅಂತ ಕೇಳ್ಕೊಳಿ. ವೈರ್ ಪಾಸ್‌ಗೆ ಹೋಗೋದು ಮಣ್ಣಿನ ರೋಡು, ಮಳೆ ಬಿದ್ರೆ ಗಾಡಿ ಹೋಗಲ್ಲ.

ಪ್ರಶ್ನೆ: ಸರ್ ಡೇಟ್ ಮೇ ಮೂರನೇ ವಾರಕ್ಕೆ ಹಾಕಿದೀವಿ, ನಾಲ್ಕೂ ಜನ ಮಾತೂ ಆಡ್ಕೊಂಡ್ವಿ. ಮೊದಲನೇ ದಿನ ಎಷ್ಟೊತ್ತಿಗೆ ಇಳಿಯೋದು?

ಉತ್ತರ: ಬೆಳಕು ಹರಿಯೋ ಹೊತ್ತಿಗೇ. ವೈರ್ ಪಾಸ್‌ನಿಂದ ಬಕ್‌ಸ್ಕಿನ್ ಪರಿಯಾ ನದಿಗೆ ಸೇರೋ ಸಂಗಮಕ್ಕೆ ಹದಿಮೂರು ಮೈಲಿ ಚಿಲ್ಲರೆ, ಮಧ್ಯೆ ಮಲಗೋ ಜಾಗ ಇಲ್ಲ, ಸಂಗಮದ ಹತ್ರ ಎತ್ತರದ ಮರಳು ದಿಬ್ಬ ಸಿಕ್ಕಿದ್ಮೇಲೇ ಟೆಂಟು. ಅದಕ್ಕೆ ಸ್ವಲ್ಪ ಮುಂಚೆ ದೊಡ್ಡ ಬಂಡೆಗಳು ಬಿದ್ದು ದಾರಿ ಮುಚ್ಚಿರೋ ಜಾಗ ಇದೆ, ಕೆಳಗೆ ಇಳೀಬೇಕು, ಒಂದೊಂದು ಪ್ರವಾಹ ಆದ್ಮೇಲೂ ಅದರ ರೂಪ ಬೇರೆ ಆಗಿರುತ್ತೆ. ಯಾರೋ ಕಟ್ಟಿಟ್ಟು ಹೋದ ಹಳೇ ಹಗ್ಗ ಇದ್ರೆ ಅದಕ್ಕೆ ಜೋತು ಬೀಳ್ಬೇಡಿ, ಬ್ಯಾಗ್ ಇಳಿಸೋಕೆ ನಿಮ್ಮದೇ ಹಗ್ಗ ಇಟ್ಕೊಳಿ, ಬೆಳಕಿರೋವಾಗ್ಲೇ ಆ ಜಾಗ ದಾಟಿ.