ತೇಜು ಜೂಡೋ ಸೇರೋ ವಿಷಯ

ಸುಧಾ, ನಿನ್ನ ಮೆಸೇಜು ಈಗ ನೋಡಿದೆ ಕಣಮ್ಮ. ತೇಜು ಜಪಾನಿನ ನಗೋಯಾದಲ್ಲಿ ಜೂಡೋ ಸೇರ್ತೀನಿ ಅಂತಿದಾನೆ, ಕೈಕಾಲು ಮುರ್ಕೊಂಡ್ರೆ ಏನು ಗತಿ ಮಾವ ಅಂತ ಕೇಳಿದೀಯ. ನೋಡು, ಬೀಳೋದು ಕಲಿಯೋ ತನಕ ಅವನು ಯಾರ ಜೊತೆಗೂ ಜೋಡಿ ನಿಲ್ಲಬಾರದು.

ನನ್ನ ಬಲಗೈ ನಿಮಗೆಲ್ಲ ಗೊತ್ತಲ್ಲ. 1988ರಲ್ಲಿ ಅದೇ ನಗೋಯಾಕ್ಕೆ ನನ್ನ ಕಂಪನಿಯೋರು ಕಳಿಸಿದ್ರಲ್ಲ, ಆಗಿಂದು. ತಾತನ ಗರಡಿಲಿ ಎರಡು ವರ್ಷ ಮಣ್ಣು ಮೆತ್ಕೊಂಡೋನು ನಾನು, ಜೂಡೋ ಏನು ಮಹಾ ಅನ್ಕೊಂಡೆ. ನಮ್ಮ ಕುಸ್ತಿಲಿ ಬೆನ್ನು ಮಣ್ಣಿಗೆ ತಾಗಿದ್ರೆ ಚಿತ್, ಸೋತ ಹಾಗೆ. ಬೀಳಬಾರದು ಅಂತ ಮೈಗೇ ಅಭ್ಯಾಸ ಆಗಿಹೋಗಿತ್ತು. ಅಲ್ಲಿ ಮೊದಲ ಪಾಠವೇ ಬೀಳೋದು, ಉಕೆಮಿ ಅಂತಾರೆ. ಗದ್ದ ಎದೆಗೆ ಒತ್ತಿ ಬೆಲ್ಟಿನ ಗಂಟು ನೋಡ್ಬೇಕು, ತಲೆ ನೆಲಕ್ಕೆ ತಾಗಬಾರದು, ಕೈ ಎರಡನ್ನೂ ತತಾಮಿಗೆ, ಅಂದ್ರೆ ನೆಲಕ್ಕೆ ಹಾಸಿರೋ ಚಾಪೆಗೆ, ಪಟ್ ಅಂತ ಬಡೀಬೇಕು. ಜೂ ಅಂದ್ರೇನೇ ಮೃದು, ಮಣಿಯೋದು. ಜೂಡೋ ಹುಟ್ಟುಹಾಕಿದ ಕಾನೋ ಜಿಗೊರೊ 1882ರಲ್ಲಿ ಕೊಡೊಕಾನ್ ಅನ್ನೋ ಜೂಡೋ ಶಾಲೆ ಕಟ್ಟಿದ್ದೇ ಅದರ ಮೇಲೆ.

ನಾನು ನಾಲ್ಕು ದಿನ ಬಿದ್ದು ಎದ್ದು ಬೇಜಾರಾಗಿ, ಐದನೇ ದಿನ ಹಳಬನೊಬ್ಬನ ಜೊತೆ ಜೋಡಿ ನಿಂತೆ. ಓಸೊತೊಗಾರಿ ಹಾಕ್ದ, ಹೊರಗಡೆಯಿಂದ ಕಾಲು ಗುಡಿಸಿ ಬೆನ್ನಿಗೆ ಕೆಡವೋ ಪಟ್ಟು. ನಾನು ಬಿದ್ದುಬಿಡೋದು ಬಿಟ್ಟು ಬಲಗೈ ಹಿಂದಕ್ಕೆ ಊರಿದೆ. ಮೊಣಕೈ ಕಳಚ್ಕೊಳ್ತು. ಇವತ್ತಿಗೂ ಕೈ ಪೂರ್ತಿ ಚಾಚಕ್ಕಾಗಲ್ಲ. ಕೈಗೆ ಹೋಯ್ತು, ತಲೆ ಬಡಿದಿದ್ರೆ? ಆ ಪಟ್ಟಲ್ಲೇ ತಲೆಗೆ ಪೆಟ್ಟಾಗಿ ಅಲ್ಲಿ ಶಾಲೆ ಮಕ್ಕಳು ಸತ್ತಿದಾರಮ್ಮ. ಬೀಳೋದು ಕಲಿಯೋ ತನಕ ಯಾರ ಜೊತೆಗೂ ಜೋಡಿ ಬೇಡ, ಇನ್ನೊಂದ್ಸಲ ಹೇಳ್ತಿದೀನಿ.

ಆಗ ಕೈ ಕಟ್ಟಿಸ್ಕೊಂಡು ರೂಮಲ್ಲಿ ಒಬ್ನೇ ಇದ್ದೆ. ಎಡಗೈಲಿ ಊರಿಗೆ ಕಾಗದ ಬರೆದೆ. ನಿಮ್ಮ ದೊಡ್ಡಮಾವ ಬರೆದಿದ್ದು ಒಂದೇ ಸಾಲು, ಹೇಳಿದ ಮಾತು ಕೇಳಿದ್ರೆ ತಾನೆ ಅಂತ. ಹೇಗಿದೀಯ ಅಂತ ಕೇಳ್ಲಿಲ್ಲ. ಅಮ್ಮನಿಗೆ ನನ್ನ ಕಾಗದ ಓದಿ ಹೇಳ್ಲೂ ಇಲ್ಲ. ಆಮೇಲೆ ಎರಡನೇ ಕಾಗದ ನಾನು ಬರೀಲೇ ಇಲ್ಲ, ನೋವನ್ನ ಯಾರಿಗೂ ಹೇಳ್ಲೂ ಇಲ್ಲ.

ಅದಕ್ಕೇ ಸುಧಾ, ನೀನು ಬೈಬೇಡ. ಬೈದ್ರೆ ಹುಡುಗ ಪೆಟ್ಟಾದ್ರೂ ಮುಚ್ಚಿಡ್ತಾನೆ. ಅಯ್ಯೋ, ಮುಖ್ಯವಾದ್ದೇ ಮರೆತಿದ್ದೆ. ಸೇರೋಕ್ಕೆ ಮುಂಚೆ ಒಂದು ದಿನ ಹೋಗಿ ಸುಮ್ನೆ ಕೂತು ನೋಡ್ಲಿ, ಡೊಜೊಗಳಲ್ಲಿ, ಅಂದ್ರೆ ಜೂಡೋ ಕಲಿಸೋ ಜಾಗಗಳಲ್ಲಿ, ಬಿಡ್ತಾರೆ. ಹೊಸಬರಿಗೆ ಉಕೆಮಿ ಎಷ್ಟು ವಾರ ಹೇಳ್ಕೊಡ್ತೀರಿ ಅಂತ ಸೆನ್ಸೇನ, ಅಂದ್ರೆ ಅಲ್ಲಿನ ಗುರುಗಳನ್ನ, ಕೇಳ್ಲಿ. ಕ್ರೀಡಾ ವಿಮೆ ಇದೆಯಾ ಅಂತಲೂ ವಿಚಾರಿಸ್ಲಿ. ತಲೆಗೆ ಪೆಟ್ಟು ಬಿದ್ದು ತಲೆನೋವು, ವಾಂತಿ ಬಂದ್ರೆ ಆಸ್ಪತ್ರೆಗೆ ಹೋಗ್ಬೇಕು, ಮತ್ತೆ ತತಾಮಿಗೆ ಇಳೀಬಾರದು.

ಅವನ ನಂಬರ್ ಕಳಿಸು. ಅಲ್ಲಿ ಮೂರೂವರೆ ಗಂಟೆ ಮುಂದೆ ಅಲ್ವಾ, ಸಂಜೆ ಐದಕ್ಕೇ ನಾನು ಫೋನ್ ಮಾಡ್ತೀನಿ.