ಟಿವಿ ರೆಕಾರ್ಡರಿಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಅಚ್ಚಿಗೆ ಹೋಗಬೇಕು

ಕಾಸರಗೋಡಿನಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಡಿಟಿಪಿ ಕೆಲಸ ಮಾಡುವವಳು ನಾನು. ನಮ್ಮ ಕೇಬಲ್‌ನವರು ಹೊಸ ಪೆಟ್ಟಿಗೆ ತರುತ್ತಿದ್ದಾರೆ. ಒಳಗೆ ಹಾರ್ಡ್ ಡಿಸ್ಕ್ ಇದೆ. ಟಿವಿಯಲ್ಲಿ ಬರುವುದನ್ನು ರೆಕಾರ್ಡ್ ಮಾಡಿಡಬಹುದು. ನಡೆಯುತ್ತಿರುವ ಕ್ರಿಕೆಟ್ಟನ್ನು ಅಲ್ಲಿಗೇ ನಿಲ್ಲಿಸಿ, ಊಟ ಮುಗಿಸಿ ಬಂದು, ನಿಲ್ಲಿಸಿದಲ್ಲಿಂದಲೇ ನೋಡಬಹುದು. ಮಲಯಾಳದ ನೋಟೀಸು ತಯಾರಿದೆ. ಅದರಿಂದ ಕನ್ನಡಕ್ಕೆ ಯಾರೋ ಮಾಡಿಕೊಟ್ಟದ್ದು ಹೀಗಿದೆ: “ನಿಮ್ಮ ಇಷ್ಟದ ಪರಿಪಾಠಗಳನ್ನು ರೇಖಪಡಿಸಲು ಸುವರ್ಣಾವಸರ.” ಓದಿ ಸಂಕಟ ಆಯಿತು. ಇದನ್ನು ಅಚ್ಚು ಹಾಕಲು ನನ್ನಿಂದಾಗದು. ಪೆಟ್ಟಿಗೆಗೆ ಏನು ಹೆಸರು, ರೆಕಾರ್ಡ್ ಮಾಡುವುದಕ್ಕೆ ಯಾವ ಕ್ರಿಯಾಪದ, ರಿಮೋಟಿನ ಪಾಸ್ (pause) ಗುಂಡಿಗೆ ಏನು ಬರೆಯಲಿ? ನಾಳೆ ಹನ್ನೊಂದು ಗಂಟೆಯೊಳಗೆ ಬೇಕು.

ಮಂಜೇಶ್ವರದಿಂದ:

ದೂರದರ್ಶನ ದಾಖಲು ಯಂತ್ರ. ದಾಖಲಿಸು. ವಿರಾಮ. ಇದರಲ್ಲಿ ಚರ್ಚೆಗೆ ಏನಿದೆ? ರೆಕಾರ್ಡರ್ ಅಂತಲೇ ಬರೆಯುವುದಾದರೆ ಕನ್ನಡ ನೋಟೀಸು ಯಾಕೆ ಬೇಕು?

ಬದಿಯಡ್ಕದಿಂದ:

ಮಾಷ್ಟ್ರೇ, ಮೂರೂ ಆಗುವುದಿಲ್ಲ.

ದಾಖಲು ಕನ್ನಡ ಅಂತ ನೀವು ಹಿಡಿದಿದ್ದೀರಿ, ಅದು ಅರಬ್ಬಿ ಮೂಲದ್ದು. ಒಳಗೆ ಸೇರುವುದು ಅಂತ ಅರ್ಥ. ಆಸ್ಪತ್ರೆಗೆ ದಾಖಲು, ಶಾಲೆಗೆ ದಾಖಲಾತಿ ಅನ್ನುವಾಗ ಆ ಅರ್ಥ ಇನ್ನೂ ಹಾಗೇ ಇದೆ. ಪರಭಾಷೆಯದ್ದು ಅಂತ ನನಗೆ ತಕರಾರಿಲ್ಲ. ಆದರೆ ದಾಖಲು ಯಂತ್ರ ಅಂದರೆ ಜನರಿಗೆ ವಿಲೇಜ್ ಆಫೀಸು ನೆನಪಾಗುತ್ತದೆ, ಧಾರಾವಾಹಿ ಅಲ್ಲ. ದೂರದರ್ಶನ ಅನ್ನುವುದು 1976ರಿಂದ ಒಂದು ಸಂಸ್ಥೆಯ ಹೆಸರೂ ಹೌದು. ಆ ಚಾನೆಲ್ ಮಾತ್ರ ರೆಕಾರ್ಡ್ ಆಗುತ್ತದಾ ಅಂತ ಅಂಗಡಿಗೆ ಬಂದು ಕೇಳುತ್ತಾರೆ. ಇನ್ನು ವಿರಾಮ. “ಒಂದು ಸಣ್ಣ ವಿರಾಮ” ಅಂತ ದಿನಕ್ಕೆ ನೂರು ಸಲ ಟಿವಿಯವರೇ ಹೇಳಿ ಹೇಳಿ ಅದೀಗ ಜಾಹೀರಾತಿನ ಹೊತ್ತು ಆಗಿಬಿಟ್ಟಿದೆ. ವಿರಾಮ ಒತ್ತಿ ಅಂದರೆ ಜಾಹೀರಾತು ಬರುತ್ತದೆ ಅಂತ ತಿಳಿದುಕೊಳ್ಳುವವರು ಇರುತ್ತಾರೆ.

ಮುದ್ರಣದ ಕಡೆಗೂ ಹೋಗಬೇಡಿ. ಧ್ವನಿಮುದ್ರಣ ನಿಂತಿದೆ, ಯಾಕೆಂದರೆ ಧ್ವನಿ ಅಂತ ಮುಂದೆ ಇದೆ. ಬರೀ ಮುದ್ರಿಸು ಅಂದರೆ ಅಚ್ಚು ಹಾಕುವುದು. ಧ್ವನಿಸುರುಳಿ ಎಷ್ಟು ಚಂದದ ಪದ! ಕ್ಯಾಸೆಟ್ಟಿನ ಒಳಗೆ ಸುರುಳಿ ಕಣ್ಣಿಗೇ ಕಾಣುತ್ತಿತ್ತು. ಸೀಡಿ ಬಂತು, ಸುರುಳಿ ಹೋಯಿತು, ಪದ ಮಾತ್ರ ಸುರುಳಿ ಇಲ್ಲದೆ ಉಳಿಯಿತು. ಹಾಗಾಗಿ ಪೆಟ್ಟಿಗೆಯ ಒಳಗೆ ಏನಿದೆ ಅಂತ ನೋಡಿ ಹೆಸರಿಡುವುದು ಬೇಡ. ನೋಡುವವರು ಏನು ಮಾಡುತ್ತಾರೆ ಅದನ್ನು ಹಿಡಿಯಿರಿ. ಅಮೆರಿಕದಲ್ಲಿ 1999ರಲ್ಲಿ ಟಿವೋ ಅನ್ನುವ ಇಂಥದ್ದೇ ಪೆಟ್ಟಿಗೆ ಬಂತು, ಸ್ವಲ್ಪ ದಿನದಲ್ಲೇ ಟಿವೋ ಮಾಡು ಅನ್ನುವುದೇ ಅಲ್ಲಿ ಕ್ರಿಯಾಪದ ಆಯಿತು. ಬ್ರಿಟನ್ನಿನಲ್ಲಿ ಸ್ಕೈ ಪ್ಲಸ್ ಅನ್ನುವ ಪೆಟ್ಟಿಗೆಗೂ ಅದೇ ಆಯಿತು. ಜನರಿಗೆ ಬೇಕಾದದ್ದು ಕ್ರಿಯಾಪದ, ಯಂತ್ರದ ಹೆಸರು ಆಮೇಲೆ.

ಅಕ್ಕಾ, ನಮ್ಮಲ್ಲಿ ಅದಕ್ಕೆ ಹಿಡಿದಿಡು ಇದೆ. ಮಳೆನೀರು ಹಿಡಿದಿಡುವುದು ಅಂತೀವಲ್ಲ, ಹಾಗೆ. ಹರಿದು ಹೋಗುವುದನ್ನು ಬೇಕಾದಾಗ ಸಿಗುವಂತೆ ಇಟ್ಟುಕೊಳ್ಳುವುದು. ಟಿವಿ ಕಾರ್ಯಕ್ರಮವೂ ಹಾಗೇ ಹರಿದು ಹೋಗುವಂಥದ್ದು. ಪೆಟ್ಟಿಗೆಗೆ ಸುಮ್ನೆ ರೆಕಾರ್ಡ್ ಆಗುವ ಟಿವಿ ಬಾಕ್ಸ್ ಅಂತ ಬರೆಯಿರಿ.

ಮಂಜೇಶ್ವರದಿಂದ:

ಹಿಡಿದಿಡು ಒಪ್ಪಿದೆ. ರೆಕಾರ್ಡ್, ಬಾಕ್ಸ್ ಒಪ್ಪುವುದಿಲ್ಲ. ಬಸ್ಸು, ಟಿಕೆಟು ಅಂತ ಬಿಟ್ಟುಕೊಟ್ಟು ಬಿಟ್ಟುಕೊಟ್ಟೇ ಇಲ್ಲಿಗೆ ಬಂದಿದ್ದೇವೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಈ ಊರಿನಲ್ಲಿ ಒಂದು ಕನ್ನಡ ಬೋರ್ಡಿಗೂ ಅರ್ಜಿ ಹಿಡಿದು ಓಡಾಡಿದವರು ನಾವು. ಬೆಂಗಳೂರಿನವರು ಇಂಗ್ಲಿಷ್ ಬೆರೆಸಿದರೆ ಅವರ ಕನ್ನಡ ಎಲ್ಲಿಗೂ ಹೋಗುವುದಿಲ್ಲ. ನಮ್ಮದು ಹೋಗುತ್ತದೆ.

ಬದಿಯಡ್ಕದಿಂದ:

ನಿಮ್ಮ ಸಂಕಟ ನನ್ನದೂ ಹೌದು ಮಾಷ್ಟ್ರೇ. ಆದರೆ ನೀವು ಕಾವಲು ಕೂತಿರುವ ಬಾಗಿಲೇ ಬೇರೆ. ಅಕ್ಕ ಕಳಿಸಿದ ಆ ಸಾಲನ್ನು ಇನ್ನೊಮ್ಮೆ ಓದಿ. ಅದರಲ್ಲಿ ಒಂದೂ ಇಂಗ್ಲಿಷ್ ಪದ ಇಲ್ಲ. ಮಲಯಾಳದ ಪರಿಪಾಡಿ ಅಂದರೆ ಕಾರ್ಯಕ್ರಮ, ನಮ್ಮ ಪರಿಪಾಠ ಅಂದರೆ ರೂಢಿ. ಅವರಿಗೆ ಅವಸರ ಅಂದರೆ ಅವಕಾಶ, ನಮಗೆ ಗಡಿಬಿಡಿ. ಅವರ ರೇಖೆ ದಾಖಲೆಯೂ ಹೌದು, ನಮ್ಮ ರೇಖೆ ಬರೀ ಗೆರೆ. ಎಲ್ಲ ನಮ್ಮ ಪದಗಳೇ, ನಮ್ಮ ಲಿಪಿಯೇ, ಅರ್ಥ ಮಾತ್ರ ನಮ್ಮದಲ್ಲ. ಕನ್ನಡ ಮೀಡಿಯಮ್ಮಿನ ಮಗು ಇದನ್ನು ಓದಿದರೆ ಕನ್ನಡ ಅಂತಲೇ ನಂಬುತ್ತದೆ, ಅಲ್ವಾ? ರೆಕಾರ್ಡ್ ಅನ್ನುವುದು ಹೊರಗಿನದು ಅಂತ ಆ ಮಗುವಿಗೂ ಗೊತ್ತು. ಗಲ್ಫಿನಿಂದ ಬಂದವರು ವಿಸಿಆರ್ ತಂದ ಕಾಲದಿಂದ ಈ ಊರಿನ ಅಜ್ಜಿಯಂದಿರೂ ಮದುವೆ ರೆಕಾರ್ಡ್ ಮಾಡಿದ್ದಾರೆ ಅಂತಲೇ ಹೇಳುವುದು. ಅದರಿಂದ ಯಾರಿಗೂ ತಪ್ಪು ಅರ್ಥ ಆಗಲಿಲ್ಲ. ಮಲಯಾಳದ ಮೇಲೆ ನನಗೆ ಸಿಟ್ಟಿಲ್ಲ, ಅದು ಚಂದದ ಭಾಷೆ. ಅದರ ಮೇಲೆ ಕನ್ನಡ ಅಕ್ಷರ ಅಂಟಿಸಿ ಇದು ಕನ್ನಡ ಅನ್ನುವುದನ್ನು ಮಾತ್ರ ತಡೆಯಲೇಬೇಕು.

ಪಾಸ್ ಗುಂಡಿ ಉಳಿಯಿತು. ಮನೆಯಲ್ಲಿ ನಾವು ತಡಿ ತಡಿ ಅಂತೀವಿ, ಹಾಗಾಗಿ ತಡೆ ಅಂತ ಬರೆಯಬಹುದು ಅನಿಸುತ್ತದೆ. ಆದರೆ ಬರಹದಲ್ಲಿ ಅದು ರಸ್ತೆ ತಡೆ. ಪಾಸಿಗೂ ಸ್ಟಾಪಿಗೂ ಎರಡಕ್ಕೂ ನಿಲ್ಲಿಸು ಅಂದರೆ ಯಾವುದನ್ನು ಒತ್ತುವುದು ಅಂತ ಗೊತ್ತಾಗುವುದಿಲ್ಲ. ಪಾಸಿಗೆ ನಿಲ್ಲಿಸಿ, ಸ್ಟಾಪಿಗೆ ಮುಗಿಸಿ ಅಂತ ಇಟ್ಟರೆ ಸರಿಹೋಗುತ್ತದೆ.

ಮಂಜೇಶ್ವರದಿಂದ:

ಪರಿಪಾಠದ ಮಾತು ಸರಿ. ಆ ಸಾಲು ಹೋಗಲೇಬೇಕು. ಬಾಕ್ಸಿನ ಬದಲು ಪೆಟ್ಟಿಗೆ ಹಾಕಿ, ಅದರಲ್ಲಿ ನಾನು ರಾಜಿ ಆಗುವುದಿಲ್ಲ. ಮಲಯಾಳದವರಿಗೂ ಅದು ಪೆಟ್ಟಿ, ತುಳುವಿನಲ್ಲೂ ಪೆಟ್ಟಿ. ಇಲ್ಲಿ ಯಾರಿಗೂ ಕಷ್ಟ ಇಲ್ಲ.

ಕಾಸರಗೋಡಿನಿಂದ:

ಪೆಟ್ಟಿಗೆಯನ್ನೇ ಹಾಕಿದೆ ಮಾಷ್ಟ್ರೇ. ಈಗಷ್ಟೇ ಪ್ರೆಸ್ಸಿಗೆ ಕಳಿಸಿದ್ದು ಇದು:

“ರೆಕಾರ್ಡ್ ಆಗುವ ಟಿವಿ ಪೆಟ್ಟಿಗೆ ಬಂದಿದೆ! ನಿಮಗಿಷ್ಟವಾದ ಕಾರ್ಯಕ್ರಮ ಹಿಡಿದಿಡಿ, ಬಿಡುವಾದಾಗ ನೋಡಿ. ನೇರಪ್ರಸಾರವನ್ನೂ ನಡುವೆ ನಿಲ್ಲಿಸಬಹುದು, ನಿಲ್ಲಿಸಿದಲ್ಲಿಂದಲೇ ಮುಂದೆ ನೋಡಬಹುದು.”

ಕಳಿಸುವ ಮೊದಲು ಅಮ್ಮನಿಗೆ ಓದಿ ಹೇಳಿದೆ. “ಹಾಗಾದರೆ ಸಂಜೆ ದೇವಸ್ಥಾನಕ್ಕೆ ಹೋದರೂ ಧಾರಾವಾಹಿ ತಪ್ಪುವುದಿಲ್ಲ” ಅಂದರು. ಇಬ್ಬರಿಗೂ ತುಂಬಾ ಉಪಕಾರ ಆಯಿತು.